ತೊಟ್ಟಿಲು ಕಡಿಮೆಯಾದವು, ತಾಯಿಯ ಹೊರೆ ಇಳಿಯಿತೇ?

ದಾವಣಗೆರೆಯ ಹಳೇ ಪೇಟೆಯಲ್ಲಾಗಲಿ, ಹರಿಹರದ ಹೊಳೆಯ ದಂಡೆಯ ಓಣಿಗಳಲ್ಲಾಗಲಿ ಎಂಬತ್ತು ದಾಟಿದ ಹಿರಿಯರನ್ನು ಒಡಹುಟ್ಟಿದವರ ಸಂಖ್ಯೆ ಕೇಳಿದರೆ ಎರಡು ಲೆಕ್ಕಗಳು ದೊರೆಯುತ್ತವೆ. ಹುಟ್ಟಿದವರ ಲೆಕ್ಕ ಒಂದು, ಉಳಿದವರ ಲೆಕ್ಕ ಇನ್ನೊಂದು. "ನಮ್ಮವ್ವ ಹಡೆದದ್ದು ಒಂಬತ್ತು, ಉಳಿದದ್ದು ಐದು" ಎಂಬಂಥ ಮಾತು ಆ ತಲೆಮಾರಿನ ಬಹಳ ಮನೆಗಳಲ್ಲಿ ಸಾಮಾನ್ಯವಾಗಿತ್ತು. ಅವರ ಮಕ್ಕಳ ಕಾಲಕ್ಕೆ ಸಂಸಾರ ನಾಲ್ಕಕ್ಕೆ ಇಳಿಯಿತು, ಮೊಮ್ಮಕ್ಕಳ ಕಾಲಕ್ಕೆ ಎರಡಕ್ಕೆ. ಇಂದು ಒಂದೇ ಮಗು ಸಾಕೆನ್ನುವ ದಂಪತಿಗಳು ನಮ್ಮ ಭಕ್ತವೃಂದದಲ್ಲಿಯೂ ಕಡಿಮೆಯೇನಿಲ್ಲ.

ಒಂದೇ ಮನೆಯ ಮೂರು ತಲೆಮಾರುಗಳಲ್ಲಿ ನಡೆದ ಈ ಬದಲಾವಣೆ ಜಗತ್ತಿನ ಬಡ ದೇಶಗಳಲ್ಲೆಲ್ಲ ಬೇರೆ ಬೇರೆ ವೇಗದಲ್ಲಿ ನಡೆದಿದೆ, ಇನ್ನೂ ನಡೆಯುತ್ತಿದೆ. ಇದು ಏಕಾಯಿತು, ಹೇಗಾಯಿತು, ಇದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಸದ್ಭಕ್ತರ ಮುಂದೆ ಇಡಬಯಸುತ್ತೇವೆ.

ಅಳೆಯುವ ಬಗೆ

ಜನನದ ಲೆಕ್ಕಕ್ಕೆ ಎರಡು ಅಳತೆಗಳಿವೆ. ಒಂದು ವರ್ಷದಲ್ಲಿ ಸಾವಿರ ಜನಸಂಖ್ಯೆಗೆ ಎಷ್ಟು ಮಕ್ಕಳು ಹುಟ್ಟಿದರು ಎಂಬುದು ಜನನ ಪ್ರಮಾಣ. ಭಾರತದಲ್ಲಿ 1971ರಲ್ಲಿ ಇದು 36.9 ಇದ್ದುದು 2020ರಲ್ಲಿ 19.5ಕ್ಕೆ ಇಳಿಯಿತು. ಅದೇ ವರ್ಷ ಕರ್ನಾಟಕದಲ್ಲಿ 16.5 ಇತ್ತು.

ಎರಡನೆಯ ಅಳತೆಯೇ ಒಟ್ಟು ಫಲವತ್ತತೆ ದರ. ಈಗಿನ ರೂಢಿ ಹೀಗೆಯೇ ಮುಂದುವರಿದರೆ ಒಬ್ಬ ಮಹಿಳೆ ತನ್ನ ಜೀವಿತದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬುದನ್ನು ಅದು ತಿಳಿಸುತ್ತದೆ. ಈ ದರ 2.1ರಷ್ಟಿದ್ದರೆ ತಂದೆತಾಯಿಗಳ ಜಾಗಕ್ಕೆ ಅಷ್ಟೇ ಮಕ್ಕಳು ಬಂದಂತಾಗಿ, ಕಾಲಕ್ರಮದಲ್ಲಿ ಜನಸಂಖ್ಯೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ದೇಶದಲ್ಲಿ 1971ರಲ್ಲಿ 5.2 ಇದ್ದ ಈ ದರ 2020ರಲ್ಲಿ 2.0 ಆಯಿತು. ಕರ್ನಾಟಕದ ಇಳಿಕೆಯನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ಹಂತಹಂತವಾಗಿ ದಾಖಲಿಸಿವೆ: 1992-93ರಲ್ಲಿ 2.85, 1998-99ರಲ್ಲಿ 2.13, 2005-06ರಲ್ಲಿ 2.07, 2015-16ರಲ್ಲಿ 1.8, 2019-20ರಲ್ಲಿ 1.7.

ನಮ್ಮ ಜಿಲ್ಲೆಯ ಜನಗಣತಿಯೂ ಇದನ್ನೇ ಹೇಳುತ್ತದೆ. 2001ರಲ್ಲಿ ಸುಮಾರು 17.9 ಲಕ್ಷವಿದ್ದ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 2011ರಲ್ಲಿ ಸುಮಾರು 19.45 ಲಕ್ಷವಾಯಿತು. ಹತ್ತು ವರ್ಷಗಳಲ್ಲಿ ಆದ ಹೆಚ್ಚಳ ನೂರಕ್ಕೆ ಒಂಬತ್ತಕ್ಕಿಂತ ಕಡಿಮೆ. ಅದೇ ಅವಧಿಯಲ್ಲಿ ಇಡೀ ರಾಜ್ಯದ ಹೆಚ್ಚಳ ನೂರಕ್ಕೆ 15.6.

ಅಂದು ಹೆಚ್ಚು ಹೆರುತ್ತಿದ್ದುದೇಕೆ?

ಹಿಂದಿನವರು ತಿಳಿವಳಿಕೆಯಿಲ್ಲದೆ ಹೆಚ್ಚು ಮಕ್ಕಳನ್ನು ಹೆತ್ತರು ಎಂದು ಹಗುರವಾಗಿ ಆಡುವುದನ್ನು ನಾವು ಕೇಳುತ್ತೇವೆ. ಅದು ಅನ್ಯಾಯದ ಮಾತು. ಪ್ಲೇಗು, ಕಾಲರಾ, ಸಿಡುಬು, ಬರಗಾಲಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲವದು. 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದ ಹೊಡೆತಕ್ಕೆ 1911ರಿಂದ 1921ರ ದಶಕದಲ್ಲಿ ಭಾರತದ ಜನಸಂಖ್ಯೆ ಹೆಚ್ಚುವ ಬದಲು ಸ್ವಲ್ಪ ಇಳಿದೇಹೋಯಿತು. ಅರ್ಧ ಶತಮಾನ ಕಳೆದು 1971ಕ್ಕೆ ಬಂದರೂ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಮೊದಲ ಹುಟ್ಟುಹಬ್ಬವನ್ನು ಕಾಣದೆ ತೀರಿಹೋಗುತ್ತಿದ್ದವು. ಹೆತ್ತ ಮಕ್ಕಳಲ್ಲಿ ಎಷ್ಟು ಉಳಿಯುತ್ತವೆ ಎಂಬ ಭರವಸೆಯೇ ಇಲ್ಲದ ತಾಯಿ ಎರಡಕ್ಕೆ ಸಾಕೆನ್ನುವುದು ಹೇಗೆ?

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ನಾಡು ಮರೆತಿಲ್ಲ. ಸಾವಿರಾರು ಹೆರಿಗೆಗಳನ್ನು ಕಾಸು ಬೇಡದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಆ ಮಹಾತಾಯಿಗೆ ಎಳೆಯ ವಯಸ್ಸಿನಲ್ಲೇ ಮದುವೆಯಾಗಿತ್ತು. ಅವರು ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು. ಊರಿನ ತಾಯಂದಿರನ್ನೆಲ್ಲ ಕಾಪಾಡಿದ ಕೈಗಳಿಗೂ ತಮ್ಮ ಮಕ್ಕಳನ್ನೆಲ್ಲ ಉಳಿಸಿಕೊಳ್ಳಲಾಗಲಿಲ್ಲ ಎಂಬುದರಲ್ಲಿಯೇ ಆ ಕಾಲದ ಕಷ್ಟ ತಿಳಿಯುತ್ತದೆ.

ದುಡಿಮೆಯ ಕಾರಣವೂ ಇತ್ತು. ಮಳೆಯಾಶ್ರಿತ ಹೊಲದಲ್ಲಿ ಕಳೆ ತೆಗೆಯಲು, ದನ ಕಾಯಲು, ಪೇಟೆಯಲ್ಲಿ ಬೀಡಿ ಕಟ್ಟಲು, ಮಂಡಕ್ಕಿ ಭಟ್ಟಿಯಲ್ಲಿ ಕೈಗೂಡಿಸಲು ಏಳೆಂಟು ವರ್ಷದ ಮಕ್ಕಳೂ ಬೇಕಾಗುತ್ತಿದ್ದರು. ಪಿಂಚಣಿಯಿಲ್ಲದ ಮುಪ್ಪಿಗೆ ಗಂಡುಮಕ್ಕಳೇ ಆಸರೆಯಾಗಿದ್ದರು. ಮಗು ಶಾಲೆಗೆ ಹೋಗತೊಡಗಿದ ಮೇಲೆ ಈ ಲೆಕ್ಕ ತಿರುಗಿತು. ದುಡಿದು ತರುತ್ತಿದ್ದ ಮಗುವಿಗೆ ಈಗ ಪುಸ್ತಕ, ಸಮವಸ್ತ್ರ, ಫೀಜು, ಔಷಧಗಳ ಖರ್ಚು ಬಂದಿತು. ಮಕ್ಕಳ ಸಂಖ್ಯೆಗಿಂತ ಒಂದೊಂದು ಮಗುವಿನ ಏಳಿಗೆ ಮುಖ್ಯವಾಯಿತು.

ಮೈಸೂರು ಸೀಮೆ ಇಟ್ಟ ಮೊದಲ ಹೆಜ್ಜೆ

ದಾವಣಗೆರೆ, ಹರಿಹರಗಳು ಅಂದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಹರಿಹರದ ಹೊಳೆ ದಾಟಿದರೆ ಮುಂಬಯಿ ಪ್ರಾಂತ್ಯ ಆರಂಭವಾಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಈ ಸಂಸ್ಥಾನವು 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ಮುಂದೆ ನಿಂತು ಇಂಥ ಕೆಲಸ ಕೈಗೊಂಡದ್ದು ಜಗತ್ತಿನಲ್ಲೇ ಮೊದಲೆಂದು ಎಣಿಸಲಾಗಿದೆ. ಸ್ವತಂತ್ರ ಭಾರತ ರಾಷ್ಟ್ರೀಯ ಕುಟುಂಬ ಯೋಜನೆಯನ್ನು ಆರಂಭಿಸಿದ್ದು 1952ರಲ್ಲಿ.

ಆ ಮೊದಲ ವರ್ಷಗಳ ಒಂದು ಪ್ರಯೋಗ ನಮ್ಮ ರಾಮನಗರದಲ್ಲಿಯೇ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹೆಂಗಸರಿಗೆ ದಿನ ಎಣಿಸಿ ಸಂಯಮ ಪಾಲಿಸುವ ಕ್ರಮವನ್ನು ಕಲಿಸಲಾಯಿತು. ಅಕ್ಷರ ಬಾರದವರಿಗೆ ಬಣ್ಣದ ಮಣಿಗಳ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸುವಂತೆ ತಿಳಿಸಲಾಯಿತು. ಪ್ರಯೋಗ ಫಲ ಕೊಡಲಿಲ್ಲ. ಕಲಿತವರು ಕಡಿಮೆ, ಪಾಲಿಸಿದವರು ಇನ್ನೂ ಕಡಿಮೆ. ಗಂಡನ ಸಹಕಾರವಿಲ್ಲದೆ ಹೆಂಡತಿಯ ಕೊರಳಿಗೆ ಮಾತ್ರ ಸರ ಹಾಕಿದರೆ ಉಪಯೋಗವಿಲ್ಲವೆಂಬುದು ಎಪ್ಪತ್ತು ವರ್ಷಗಳ ಹಿಂದೆಯೇ ತಿಳಿಯಬೇಕಾಗಿದ್ದ ಪಾಠ.

ಬಡತನವಿದ್ದಾಗಲೇ ಇಳಿದ ಸಂಖ್ಯೆ

ಸಿರಿತನ ಬಂದ ಮೇಲೆ ಮಕ್ಕಳು ತಾವಾಗಿಯೇ ಕಡಿಮೆಯಾಗುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ನಮ್ಮ ನಾಡಿನ ಅನುಭವ ಇದನ್ನು ಒಪ್ಪುವುದಿಲ್ಲ. ವಿಶ್ವಬ್ಯಾಂಕು ಭಾರತವನ್ನು ಕಡಿಮೆ ಆದಾಯದ ದೇಶಗಳ ಪಟ್ಟಿಯಿಂದ ಮೇಲಕ್ಕೆತ್ತಿದ್ದು 2007ರ ಆದಾಯವನ್ನು ಲೆಕ್ಕ ಹಾಕಿದ ಬಳಿಕ. ಅದಕ್ಕೆ ಮೊದಲೇ, 2005-06ರ ಸಮೀಕ್ಷೆಯ ವೇಳೆಗೆ, ಕರ್ನಾಟಕದ ದರ 2.1ರ ಗೆರೆಯನ್ನು ಮುಟ್ಟಿಯಾಗಿತ್ತು. ದೇಶ ಬಡವಾಗಿರುವಾಗಲೇ ನಮ್ಮ ತಾಯಂದಿರು ಈ ದಾರಿಯನ್ನು ಕ್ರಮಿಸಿದ್ದರು.

ಅದನ್ನು ಸಾಧ್ಯವಾಗಿಸಿದ ಸಂಗತಿಗಳು ಮೂರು. ಮೊದಲನೆಯದು ಮಕ್ಕಳು ಬದುಕಿ ಉಳಿದದ್ದು. ಲಸಿಕೆ, ಶುದ್ಧ ನೀರು, ಭೇದಿಗೆ ಓಆರ್‌ಎಸ್, 1975ರಲ್ಲಿ ಆರಂಭವಾದ ಅಂಗನವಾಡಿ, ಆಸ್ಪತ್ರೆಯ ಹೆರಿಗೆ, 2005ರಿಂದ ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆ, ಇವೆಲ್ಲವುಗಳ ಫಲವಾಗಿ 2020ರ ವೇಳೆಗೆ ಕರ್ನಾಟಕದಲ್ಲಿ ಸಾವಿರಕ್ಕೆ 19 ಶಿಶುಗಳ ಮರಣ ಮಾತ್ರ ದಾಖಲಾಯಿತು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, 1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜುಗಳಿಂದ ಸುತ್ತಣ ತಾಲ್ಲೂಕುಗಳಿಗೂ ವೈದ್ಯರ ನೆರವು ಹತ್ತಿರವಾಯಿತು. ಮಗು ಉಳಿಯುತ್ತದೆಂಬ ನಂಬಿಕೆ ಹುಟ್ಟಿದ ಮೇಲೆ 'ಇನ್ನೊಂದಿರಲಿ' ಎಂಬ ಭಯ ತಗ್ಗಿತು.

ಎರಡನೆಯದು ಹೆಣ್ಣುಮಕ್ಕಳ ಓದು. ರಾಜ್ಯದಲ್ಲಿ ಅಕ್ಷರ ಬಲ್ಲ ಮಹಿಳೆಯರು 2001ರಲ್ಲಿ ನೂರಕ್ಕೆ 57ರಷ್ಟಿದ್ದರೆ 2011ರಲ್ಲಿ 68ರಷ್ಟಾದರು. ಪ್ರೌಢಶಾಲೆ ಮುಗಿಸಿದ ಹುಡುಗಿಯ ಮದುವೆ ತಡವಾಗುತ್ತದೆ. ಅವಳು ಔಷಧದ ಚೀಟಿ ಓದಬಲ್ಲಳು, ವೈದ್ಯರನ್ನು ಪ್ರಶ್ನಿಸಬಲ್ಲಳು, ಮನೆಯಲ್ಲಿ ತನ್ನ ಮಾತು ನಡೆಸಬಲ್ಲಳು. ಮಠಗಳು ನಡೆಸಿಕೊಂಡು ಬಂದಿರುವ ಶಾಲೆ, ಪ್ರಸಾದ ನಿಲಯಗಳ ದಾಸೋಹವು ಅನ್ನ ಅಕ್ಷರಗಳ ಜೊತೆಗೆ ತಾಯಂದಿರ ಆಯುಷ್ಯವನ್ನೂ ಹೆಚ್ಚಿಸಿದೆಯೆಂದರೆ ಅತಿಶಯೋಕ್ತಿಯಲ್ಲ.

ಮೂರನೆಯದು ಸಾಧನಗಳು ಕೈಗೆಟುಕಿದ್ದು. ಕೆಂಪು ತ್ರಿಕೋನದ ಗುರುತು, 'ಆರತಿಗೊಬ್ಬಳು ಕೀರ್ತಿಗೊಬ್ಬ' ಎಂಬ ಗೋಡೆಬರಹ ನಮ್ಮ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೇಲೆ ದಶಕಗಳ ಕಾಲ ಕಂಡುಬಂದವು. ಊರೂರು ತಿರುಗಿದ ನರ್ಸಮ್ಮನ ದುಡಿಮೆ ಆ ಬರಹಕ್ಕಿಂತ ದೊಡ್ಡದು.

ಇತರ ಬಡ ದೇಶಗಳ ಮಾತು

ಕಡಿಮೆ ಆದಾಯದ ದೇಶಗಳನ್ನೆಲ್ಲ ಒಟ್ಟಿಗೆ ನೋಡಿದರೆ, ಅರ್ಧ ಶತಮಾನದ ಹಿಂದೆ ಅಲ್ಲಿ ಒಬ್ಬ ಮಹಿಳೆಗೆ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳಿದ್ದರು. ಈಗ ನಾಲ್ಕೂವರೆಯ ಆಸುಪಾಸಿಗೆ ಬಂದಿದೆ. ಆಫ್ರಿಕಾದ ನೈಜರ್, ಚಾಡ್, ಸೊಮಾಲಿಯಾಗಳಲ್ಲಿ ಇಂದಿಗೂ ಆರರ ಸಮೀಪದಲ್ಲಿದೆ. ಶಿಶುಮರಣ ಹೆಚ್ಚು, ಹೆಣ್ಣುಮಕ್ಕಳ ಓದು ಕಡಿಮೆ, ಬಾಲ್ಯವಿವಾಹ ವ್ಯಾಪಕ ಎಂಬ ಮೂರೂ ಕಷ್ಟಗಳು ಅಲ್ಲಿ ಒಂದೆಡೆ ಕೂಡಿವೆ. ನಮ್ಮ ಅಜ್ಜಿಯರ ಕಾಲವನ್ನು ಬಲ್ಲವರಿಗೆ ಅದು ಅಪರಿಚಿತ ಲೋಕವಲ್ಲ.

ನೆರೆಯ ಬಾಂಗ್ಲಾದೇಶದ ಕಥೆ ಧೈರ್ಯ ಕೊಡುವಂಥದು. 1970ರ ದಶಕದಲ್ಲಿ ಆರಕ್ಕೂ ಹೆಚ್ಚಿದ್ದ ಅಲ್ಲಿಯ ದರ 2011ರ ಸಮೀಕ್ಷೆಯಲ್ಲಿ 2.3ಕ್ಕೆ ಇಳಿದಿತ್ತು. ಹಳ್ಳಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ನೇಮಿಸಿ ಮನೆಮನೆಗೆ ಕಳುಹಿಸಿದ್ದು, ಮಕ್ಕಳ ಲಸಿಕೆ ಮತ್ತು ಭೇದಿಯ ಚಿಕಿತ್ಸೆಯನ್ನು ಅದರ ಜೊತೆ ಜೋಡಿಸಿದ್ದು ಅಲ್ಲಿಯ ಯಶಸ್ಸಿನ ಗುಟ್ಟು. ದೇಶವೂ ಧರ್ಮವೂ ಬೇರೆಯಾದರೂ ಕಾರಣಗಳು ನಮ್ಮವೇ.

ಈ ಸಂದರ್ಭದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಒಂದು ಸಮುದಾಯದವರು ಹೆಚ್ಚುತ್ತಿದ್ದಾರೆ, ಆದ್ದರಿಂದ ನಮ್ಮವರೂ ಹೆಚ್ಚು ಹೆರಬೇಕು ಎಂಬ ಮಾತು ಆಗಾಗ ಸಭೆಗಳಲ್ಲಿ ಕೇಳಿಬರುತ್ತದೆ. 1992-93ರಿಂದ 2019-21ರವರೆಗಿನ ಸಮೀಕ್ಷೆಗಳಲ್ಲಿ ದೇಶದ ಹಿಂದೂ ಮಹಿಳೆಯರ ದರ 3.3ರಿಂದ 1.9ಕ್ಕೂ, ಮುಸ್ಲಿಂ ಮಹಿಳೆಯರ ದರ 4.4ರಿಂದ 2.4ಕ್ಕೂ ಇಳಿದಿದೆ. ಓದು, ಆರೋಗ್ಯ ತಲುಪಿದ ಎಲ್ಲ ಮನೆಗಳಲ್ಲಿಯೂ ಒಂದೇ ಬಗೆಯ ಬದಲಾವಣೆಯಾಗಿದೆ. ಸಮುದಾಯದ ಲೆಕ್ಕ ಹೆಚ್ಚಿಸಲೆಂದು ಯಾವ ತಾಯಿಯ ಮೈಯನ್ನೂ ದಣಿಸಬಾರದು.

ಹೊರೆ ಯಾರ ಮೈಮೇಲೆ?

ನಮ್ಮನ್ನು ಹೆಚ್ಚು ಕಾಡುವ ಸಂಗತಿ ಇದು. ಹೆರಿಗೆಗಳ ಸಂಖ್ಯೆ ಇಳಿದದ್ದು ಹೌದು. ಆದರೆ ಇಳಿಸಿದ ಭಾರವನ್ನು ಬಹುಮಟ್ಟಿಗೆ ಹೆಣ್ಣೊಬ್ಬಳೇ ಹೊತ್ತಳು. 2019-20ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪುರುಷರ ಪ್ರಮಾಣ ಸೊನ್ನೆಯ ಹತ್ತಿರ.

ಹೀಗಾಗಲು ಇತಿಹಾಸದ ಕಾರಣವೂ ಉಂಟು. 1976-77ರ ತುರ್ತು ಪರಿಸ್ಥಿತಿಯ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 62 ಲಕ್ಷ ಪುರುಷರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಅನೇಕ ಕಡೆ ಬಲವಂತವಾಗಿ, ಗುರಿ ತುಂಬಿಸುವ ಆತುರದಲ್ಲಿ ನಡೆದ ಆ ಕ್ರಮದಿಂದ ಗಂಡಸರು ಬೆಚ್ಚಿದರು. ಬಳಿಕ ಕಾರ್ಯಕ್ರಮದ ಹೆಸರು 'ಕುಟುಂಬ ಕಲ್ಯಾಣ' ಎಂದು ಬದಲಾಯಿತು, ಭಾರ ಹೆಂಗಸರ ಕಡೆಗೆ ಸರಿಯಿತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಹದಿಮೂರು ಮಹಿಳೆಯರು ಸಾವಿಗೀಡಾದರು. ಇಂಥ ಸಾಮೂಹಿಕ ಶಿಬಿರಗಳನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಆದೇಶಿಸಿತು.

ನಮ್ಮ ಭಾಗದ ಬಹಳಷ್ಟು ಹೆಣ್ಣುಮಕ್ಕಳ ಬದುಕಿನ ಕ್ರಮ ಹೀಗಿದೆ: ಹದಿನೆಂಟು ತುಂಬುತ್ತಿದ್ದಂತೆ ಅಥವಾ ಅದಕ್ಕೂ ಮೊದಲೇ ಮದುವೆ, ವರ್ಷದೊಳಗೆ ಕುಬುಸ, ಎರಡು ವರ್ಷದ ಅಂತರದೊಳಗೆ ಎರಡನೆಯ ಮಗು, ಇಪ್ಪತ್ತೈದರ ಆಸುಪಾಸಿನಲ್ಲಿ ಆಪರೇಷನ್. ಸಮೀಕ್ಷೆಯಲ್ಲಿ ಈ ತಾಯಿಯ ಲೆಕ್ಕ 'ಇಬ್ಬರು ಮಕ್ಕಳು' ಎಂದು ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ಬೆಳೆಯುವ ಮೈಯಲ್ಲೇ ಎರಡು ಬಸಿರು, ಎರಡು ಬಾಣಂತನ, ಒಂದು ಶಸ್ತ್ರಚಿಕಿತ್ಸೆ ಮುಗಿದಿರುತ್ತವೆ. ರಾಜ್ಯದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐದು ವರ್ಷಗಳ ಹಿಂದಿನ ಸಮೀಕ್ಷೆಯಲ್ಲಿಯೂ ಪ್ರಮಾಣ ಇಷ್ಟೇ ಇತ್ತು. ರಾಜ್ಯದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ.

ಇನ್ನೊಂದು ಅಪಾಯವೂ ಇದೆ. 'ಆಪರೇಷನ್ ಆಗಿದೆ, ಇನ್ನು ಗರ್ಭಕೋಶ ಏತಕ್ಕೆ' ಎಂಬ ಮಾತಿಗೆ ಕಿವಿಗೊಟ್ಟು, ಬಿಳಿಸೆರಗು, ಹೆಚ್ಚು ಮುಟ್ಟುಸ್ರಾವದಂಥ ತೊಂದರೆಗಳಿಗೆ ಮೂವತ್ತೈದರೊಳಗೇ ಗರ್ಭಕೋಶ ತೆಗೆಸಿಕೊಳ್ಳುವವರಿದ್ದಾರೆ. ಇವುಗಳಲ್ಲಿ ಹಲವು ಔಷಧದಿಂದ ಗುಣವಾಗುತ್ತವೆ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಅಕಾಲದಲ್ಲೇ ಆರಂಭವಾಗಿ ಎಲುಬು ಸವೆಯುತ್ತದೆ. ಕ್ಯಾನ್ಸರಿನಂಥ ತುರ್ತು ಕಾರಣವಿಲ್ಲದಿದ್ದರೆ ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆಯದೆ ಒಪ್ಪಬಾರದು.

ಸದ್ಭಕ್ತರು ಪಾಲಿಸಬೇಕಾದದ್ದು

1. ಮದುವೆಯ ವಯಸ್ಸು. ಕಾನೂನು ಹೇಳುವ ಹದಿನೆಂಟು ಕನಿಷ್ಠ ಮಿತಿ ಮಾತ್ರ. ಮಗಳ ಓದು ಮುಗಿಯಲಿ, ಮೈ ಬಲಿಯಲಿ. ಸಾಮೂಹಿಕ ವಿವಾಹಗಳಿಗೆ ಹೆಸರು ಬರೆಸುವಾಗ ವಯಸ್ಸಿನ ದಾಖಲೆಯನ್ನು ಪ್ರಾಮಾಣಿಕವಾಗಿ ಒದಗಿಸುವುದು ಹೆತ್ತವರ ಕರ್ತವ್ಯ.

2. ಚೊಚ್ಚಲ ಬಸಿರಿಗೆ ಆತುರ ಬೇಡ. ಮದುವೆಯಾದ ಆರು ತಿಂಗಳಿಗೇ 'ಏನಾದರೂ ವಿಶೇಷ ಉಂಟೇ' ಎಂದು ಸೊಸೆಯನ್ನು ಕೇಳುವುದನ್ನು ಅತ್ತೆ ಮಾವಂದಿರೂ ನೆಂಟರಿಷ್ಟರೂ ಬಿಡಬೇಕು. ಇಪ್ಪತ್ತರೊಳಗಿನ ಬಸಿರು ತಾಯಿಗೂ ಮಗುವಿಗೂ ಅಪಾಯ ತರುತ್ತದೆ.

3. ಅಂತರ. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂತರ ಕಾಯ್ದುಕೊಳ್ಳಲು ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕಿಸುವ 'ಅಂತರಾ' ಚುಚ್ಚುಮದ್ದು, ಹಾರ್ಮೋನಿಲ್ಲದ 'ಛಾಯಾ' ಮಾತ್ರೆ, ನಿರೋಧ್ ಇವು ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ದೊರೆಯುತ್ತವೆ. ಯಾವುದು ಯಾರಿಗೆ ಒಗ್ಗುತ್ತದೆಂಬುದನ್ನು ವೈದ್ಯರಲ್ಲಿ ಕೇಳಿ ತೀರ್ಮಾನಿಸಬೇಕು.

4. ಗಂಡನ ಪಾಲು. ಸಂಸಾರ ಸಾಕೆನಿಸಿದಾಗ ಪುರುಷರ ಶಸ್ತ್ರಚಿಕಿತ್ಸೆಯೇ ಸರಳವಾದುದು. ಹೊಲಿಗೆಯಿಲ್ಲದ ಈಗಿನ ಕ್ರಮದಲ್ಲಿ ಆ ಜಾಗಕ್ಕೆ ಮಾತ್ರ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತಾರೆ, ಅಂದೇ ಮನೆಗೆ ಮರಳಬಹುದು. ಇದರಿಂದ ದುಡಿಯುವ ಶಕ್ತಿಯಾಗಲಿ ಗಂಡಸುತನವಾಗಲಿ ಕುಂದುವುದಿಲ್ಲ. ಮೊದಲ ಮೂರು ತಿಂಗಳು ಮಾತ್ರ ಬೇರೆ ಸಾಧನ ಬಳಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಪ್ರತಿವರ್ಷ ನವೆಂಬರ್ ಕೊನೆಯಲ್ಲಿ ಸರ್ಕಾರ ಇದಕ್ಕಾಗಿಯೇ ಪಾಕ್ಷಿಕವನ್ನು ನಡೆಸುತ್ತದೆ. ನಮ್ಮ ತರುಣ ಭಕ್ತರು ಮುಂದೆ ಬಂದರೆ ಊರಿಗೆ ಮಾದರಿಯಾದೀತು.

5. ರಕ್ತ. ಬಸುರಿಯರು ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಸಸ್ಯಾಹಾರದ ನಮ್ಮ ಮನೆಗಳಲ್ಲಿ ನುಗ್ಗೆಸೊಪ್ಪು, ರಾಗಿ, ಕಾಳುಗಳ ಜೊತೆಗೆ ನಿಂಬೆರಸವೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟದ ಜೊತೆಯಲ್ಲೇ ಚಹಾ ಕುಡಿದರೆ ಅದು ಕುಗ್ಗುತ್ತದೆ. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ರೂಢಿಯನ್ನು ಮನೆಯೊಡತಿ ಬಿಡಬೇಕು, ಮನೆಯವರು ಬಿಡಿಸಬೇಕು.

6. ಹೆಣ್ಣು ಮಗು. ಸಂಸಾರ ಚಿಕ್ಕದಾದಷ್ಟೂ 'ಅದರಲ್ಲೊಂದು ಗಂಡಿರಲೇಬೇಕು' ಎಂಬ ಹಟ ಹೆಚ್ಚುವ ಭಯವಿದೆ. ಭ್ರೂಣಲಿಂಗ ಪತ್ತೆ 1994ರ ಕಾನೂನಿನಂತೆ ಅಪರಾಧ, ಶರಣ ಧರ್ಮದ ಕಣ್ಣಿನಲ್ಲಿ ಮಹಾಪಾತಕ. ಜನನಸೂತಕ, ರಜಸ್ಸೂತಕಗಳನ್ನೇ ಒಪ್ಪದ ಪರಂಪರೆ ನಮ್ಮದು. ಮುಟ್ಟು, ಬಸಿರು, ಹೆರಿಗೆಗಳ ಬಗ್ಗೆ ಮಗಳೊಡನೆ ಮಾತಾಡಲು ನಮಗೆ ನಾಚಿಕೆ ಬೇಕಿಲ್ಲ.

ಮುಂದಿನ ಕಾಲಕ್ಕೆ

ದರ 2.1ಕ್ಕಿಂತ ಕೆಳಗಿಳಿದ ನಾಡಿನಲ್ಲಿ ಕಾಲಕ್ರಮದಲ್ಲಿ ಎಳೆಯರು ಕಡಿಮೆಯಾಗಿ ಹಿರಿಯರು ಹೆಚ್ಚುತ್ತಾರೆ. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಈ ದರ 0.72ಕ್ಕೆ ಕುಸಿದು, ಸರ್ಕಾರವೇ ಧನಸಹಾಯ ಕೊಟ್ಟರೂ ಏರುತ್ತಿಲ್ಲವೆಂದು ಚಿಂತಿಸುವಂತಾಯಿತು. ಕರ್ನಾಟಕದಲ್ಲಿ ಅರವತ್ತು ದಾಟಿದವರು 2011ರಲ್ಲೇ ನೂರಕ್ಕೆ 9.5ರಷ್ಟಿದ್ದರು. ಮಕ್ಕಳು ಕೆಲಸಕ್ಕಾಗಿ ಬೆಂಗಳೂರು, ಪುಣೆ ಸೇರಿ, ದಾವಣಗೆರೆಯ ದೊಡ್ಡ ಮನೆಯಲ್ಲಿ ಇಬ್ಬರೇ ಹಿರಿಯರು ಉಳಿದಿರುವ ದೃಶ್ಯ ಈಗಾಗಲೇ ಅಪರೂಪವಲ್ಲ. ಹೆಚ್ಚು ಹೆರಿರೆಂದು ಸೊಸೆಯಂದಿರಿಗೆ ಉಪದೇಶಿಸುವುದರಿಂದ ಇದು ಬಗೆಹರಿಯದು. ಹುಟ್ಟಿದ ಮಗು ಗಟ್ಟಿಮುಟ್ಟಾಗಿ ಬೆಳೆದು, ಓದಿ, ದುಡಿಯುವಂತಾಗಬೇಕು. ದುಡಿಯುವ ತಾಯಿಗೆ ಕೂಸನ್ನು ನೋಡಿಕೊಳ್ಳುವ ನೆರವು ಬೇಕು. ಹಿರಿಯರ ಆರೈಕೆಯನ್ನು ಓಣಿಯವರು, ಮಠ, ಸಂಘಸಂಸ್ಥೆಗಳು ಹಂಚಿಕೊಳ್ಳಬೇಕು.

ಒಂಬತ್ತು ಹೆತ್ತು ಐದನ್ನು ಉಳಿಸಿಕೊಂಡ ಅಜ್ಜಿಗೆ ಆಯ್ಕೆಯೇ ಇರಲಿಲ್ಲ. ಎರಡು ಹೆತ್ತು ಇಪ್ಪತ್ನಾಲ್ಕಕ್ಕೇ ಆಪರೇಷನ್ ಮಾಡಿಸಿಕೊಂಡ ಸೊಸೆಗೂ ಇದ್ದ ಆಯ್ಕೆ ಅಲ್ಪ. ಯಾವಾಗ, ಎಷ್ಟು ಅಂತರದಲ್ಲಿ, ಎಷ್ಟು ಮಕ್ಕಳು ಎಂಬುದನ್ನು ಇಂದಿನ ಮಗಳು ತನ್ನ ಗಂಡನೊಡನೆ ಕುಳಿತು, ಭಯವಿಲ್ಲದೆ ತೀರ್ಮಾನಿಸುವಂತಾಗಲಿ. ಈ ತಿಂಗಳು ಪ್ರತಿಯೊಂದು ಮನೆಯಲ್ಲಿಯೂ ಗಂಡಸರು ಮೊದಲು ಈ ಲೇಖನವನ್ನು ಓದಿ, ಬಳಿಕ ಮನೆಯವರೆಲ್ಲರೊಡನೆ ಚರ್ಚಿಸಲೆಂದು ಕೋರುತ್ತೇವೆ.